ಮುಕ್ಕಾಲಿಗೆ ಮೂಗಿನ ಹೊಳ್ಳೆ

ಬ್ರೆಡ್ಡಿನ ಯಜಮಾನಿ ಮಧ್ಯಾಹ್ನ ಮನೆಗೆ ಬಂದು ಮೊದಲು ಮಾಡುತ್ತಿದ್ದ ಕೆಲಸ ಎರಡೂ ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಳಿಬಿಡುವುದು. ಎರಡನೆಯ ಕೆಲಸ ಗಂಡನ ಕಡೆ ನೋಡುವುದು. ಮೊದಲನೆಯದರ ತಂಪು ಎರಡನೆಯದರಲ್ಲಿ ಇರುತ್ತಿರಲಿಲ್ಲ.

"ಬ್ರೆಡ್ಡು ಒಲೇಲಿ ಬೇಯುತ್ತೆ, ನಾನು ಗಾಡೀಲಿ ಬೇಯ್ತೀನಿ. ಬ್ರೆಡ್ಡಿಗಾದ್ರೂ ಇಪ್ಪತ್ತೈದೇ ನಿಮಿಷ, ನಂಗೆ ಆರು ಗಂಟೆ!"

ಗಾಡಿಯೆಂದರೆ ಅವಳು ಬೀದಿಬೀದಿಗೆ ಬ್ರೆಡ್ಡು ಮಾರಲು ಓಡಿಸುತ್ತಿದ್ದ ಮೂರು ಚಕ್ರದ್ದು. ಮುಂದೆ ಚಾಚಿದ ಉದ್ದನೆಯ ಮೂಗು, ಮೂಗಿನೊಳಗೆ ಎಂಜಿನ್, ಅದರ ಹಿಂದೊಂದು ತೆಳು ತಗಡು, ತಗಡಿನ ಈಚೆಗೆ ಯಜಮಾನಿಯ ಪಾದ. ಮೂರು ಕಾಲಿನದಾದ್ದರಿಂದ ಮನೆಯಲ್ಲಿ ಅದನ್ನು 'ಮುಕ್ಕಾಲು' ಎಂದೇ ಕರೆಯುತ್ತಿದ್ದರು. (ಉಳಿದ ಕಾಲು ಭಾಗ ತಾನೇ ಎಂದು ಗಂಡ ಹೇಳಿಕೊಳ್ಳುತ್ತಿದ್ದ. ಅದನ್ನು ಯಾರೂ ಅಲ್ಲಗಳೆದಿರಲಿಲ್ಲ, ಒಪ್ಪಿಕೊಂಡೂ ಇರಲಿಲ್ಲ.)

ಗಂಡ ಪಿಯಾನೊಗಳಿಗೆ ಶ್ರುತಿ ಕೂಡಿಸುವವನು. ಎಲ್ಲರ ಬಾಯಲ್ಲೂ ಅವನು ಶ್ರುತಿಗಾರ. ಪಕ್ಕದ ಮನೆಯ ಬಾಗಿಲು ಕಿರುಗುಟ್ಟಿದರೆ ಸಾಕು, ಅದು ಯಾವ ಸ್ವರ, ಎಷ್ಟು ಇಳಿದಿದೆ ಎಂದು ಕೂತಲ್ಲೇ ಹೇಳಬಲ್ಲ. ಅಂಥ ಸೂಕ್ಷ್ಮ ಕಿವಿ. ಹೆಂಡತಿ ಹೇಳಿದ್ದು ಮಾತ್ರ ಮೂರನೆಯ ಸಲಕ್ಕೇ ಅದರೊಳಗೆ ಇಳಿಯುತ್ತಿದ್ದುದು.

ಒಂದು ದಿನ ಆಸ್ಪತ್ರೆಯ ಏರಿನಲ್ಲಿ ಶಾಖದ ಮುಳ್ಳು ಕೆಂಪಿಗೆ ಹೋಗಿ ಮುಕ್ಕಾಲು ನಿಂತೇಬಿಟ್ಟಿತು. ಮೆಕ್ಯಾನಿಕ್ಕು ಬಾನೆಟ್ ಎತ್ತಿ ಇಣುಕಿದ. "ಒಳಗಿನ ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲಮ್ಮ. ಬಾನೆಟ್ಟಿಗೆ ಎರಡು ಗಾಳಿಕಿಂಡಿ ಕೂರಿಸಿದ್ರೆ ಸರಿಹೋಗುತ್ತೆ. ಡಬ್ಬೀಲಿ ಸಿದ್ಧವಾಗೇ ಬರುತ್ತೆ, ತರಿಸಿಡಿ. ಮುಂದಿನ ತಿಂಗಳು ಬಂದು ಹಾಕ್ತೀನಿ."

ಈ ಸುದ್ದಿ ಕೇಳಿ ಶ್ರುತಿಗಾರನ ಎದೆ ಉಬ್ಬಿತು. "ಮುಂದಿನ ತಿಂಗಳ್ಯಾಕೆ? ಒಂದೊಂದು ಪಿಯಾನೊಗೆ ಇನ್ನೂರ ಮೂವತ್ತು ತಂತಿ ಬಿಗಿಯೋನಿಗೆ ಎರಡು ತೂತು ಕೊರೆಯೋದು ಬರಲ್ವಾ?"

"ತಂತಿ ತಪ್ಪಿದ್ರೆ ಸಡಿಲ ಮಾಡಬಹುದು ಕಣ್ರೀ. ತೂತು ತಪ್ಪಿದ್ರೆ?"

"ತಪ್ಪಿದ್ರೆ ತಾನೇ!"

ಭಾನುವಾರ ಯಜಮಾನಿಗೆ ವಾರಕ್ಕೊಂದೇ ನಿದ್ದೆಯ ದಿನ. ಅವಳು ಒಳಗೆ ಮಲಗಿದ್ದನ್ನು ಖಚಿತಪಡಿಸಿಕೊಂಡು ಶ್ರುತಿಗಾರ ಬಾನೆಟ್ಟಿನ ನಾಲ್ಕು ಬೋಲ್ಟ್ ಬಿಚ್ಚಿ, ಅದನ್ನು ಮಗುವಿನಂತೆ ಎತ್ತಿ ತಂದು ಊಟದ ಮೇಜಿನ ಮೇಲೆ ಮಲಗಿಸಿದ. ಅಂಗಳದಲ್ಲಿ ಬಿಸಿಲು, ಕೆಲಸ ಸೂಕ್ಷ್ಮ, ಮೇಜು ಸಮತಟ್ಟು. ಅವನ ತರ್ಕದಲ್ಲಿ ಲೋಪವಿರಲಿಲ್ಲ. ಮೇಜಿನ ಆ ತುದಿಯಲ್ಲಿ ಅತ್ತೆ, ಅಂದರೆ ಯಜಮಾನಿಯ ತಾಯಿ, ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು.

ಡಬ್ಬಿಯಲ್ಲಿ ಎರಡು ಕಪ್ಪು ಕಿಂಡಿಗಳು, ಮೀನಿನ ಕಿವಿರಿನಂತೆ ಒಂದರ ಮೇಲೊಂದು ಓರೆ ಪಟ್ಟಿ. ಜೊತೆಗೆ ಹನ್ನೆರಡು ಸ್ಕ್ರೂ, ತೂತಿನ ಅಳತೆಗೊಂದು ಕಾಗದದ ಅಚ್ಚು, ಆರು ಚಿತ್ರಗಳ ಒಂದು ಹಾಳೆ. ಅಚ್ಚನ್ನು ಬಾನೆಟ್ಟಿಗೆ ಅಂಟಿಸಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ. ಅಳತೆ ಮೂರು ಸಲ ಹಿಡಿದ. ಇದರಲ್ಲಿ ಅವನನ್ನು ಮೀರಿಸುವವರಿಲ್ಲ. ಐದನೆಯ ಚಿತ್ರ ನೋಡಿದಾಗ ಮಾತ್ರ ಹುಬ್ಬು ಗಂಟಿಕ್ಕಿತು.

"ನೋಡಿ ಅತ್ತೆ, ಕಿಂಡಿಯ ಬಾಯಿ ಹಿಂದಕ್ಕೆ ತೋರಿಸಿದಾರೆ! ಹಿಂದಕ್ಕೆ ಹೊಳ್ಳೆ ಇರೋ ಮೂಗು ಎಲ್ಲಾದ್ರೂ ಉಂಟಾ? ಗಾಳಿ ಬರೋದು ಮುಂದಿನಿಂದ. ಚಿತ್ರ ಬರೆದೋನು ಗಾಡಿ ಕಂಡೇ ಇಲ್ಲ."

ಅತ್ತೆ ಒಂದು ಎಸಳು ಸುಲಿದು ಬಟ್ಟಲಿಗೆ ಹಾಕಿದರು. "ಅಡುಗೆಮನೇಲಿ ಹೊಗೆ ಆದ್ರೆ ನಾನು ಗಾಳಿ ನುಗ್ಗೋ ಕಡೆ ಕಿಟಕಿ ತೆಗೆಯಲ್ಲಪ್ಪ. ಹೊಗೆ ಹೋಗೋ ಕಡೇದು ತೆಗೀತೀನಿ."

"ಇದು ಎಂಜಿನ್ ಅತ್ತೆ, ಒಗ್ಗರಣೆಯಲ್ಲ."

"ಹಾಗಾದ್ರೆ ಸರಿ," ಎಂದು ಅವರು ಬಟ್ಟಲನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. ಅದೊಂದು ದೂರದೃಷ್ಟಿಯ ನಡೆ.

ಗರಗಸದ ಯಂತ್ರ ಬಾಡಿಗೆಗೆ ತಂದದ್ದು. ಗುಂಡಿ ಒತ್ತಿದೊಡನೆ ಮನೆಯ ಪಾತ್ರೆಗಳೆಲ್ಲ ಹಲ್ಲು ಕಡಿದವು. ಎಡಗಡೆಯ ತೂತು ಗೆರೆಯ ಮೇಲೆ ಗೆರೆ ಎಳೆದಂತೆ ಬಂತು. ಬಲಗಡೆಯದು ಇನ್ನೂ ಚೆನ್ನ. ಗರಗಸ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಬಾನೆಟ್ ಎತ್ತಿ ನೋಡಿದರೆ ಕೆಳಗೆ ಮೇಜಿಗೂ ಅದೇ ಅಳತೆಯ, ಅಷ್ಟೇ ಅಂದದ ಒಂದು ತೂತು.

ಸದ್ದಿಗೆ ಎದ್ದು ಬಂದ ಯಜಮಾನಿ ತೂತಿನ ಮೂಲಕ ಕೆಳಗಿದ್ದ ನೆಲವನ್ನು ನೋಡಿದಳು. ನೆಲದ ಮೇಲೆ ಮೇಜಿನ ತುಂಡು ಬಿದ್ದಿತ್ತು.

"ಮೇಜಿಗೂ ಸೆಖೆ ಆಗ್ತಿತ್ತಾ?" ಎಂದು ಕೇಳಿದಳು.

ಶ್ರುತಿಗಾರ ಬಗ್ಗಿ ತುಂಡನ್ನು ಎತ್ತಿಕೊಂಡ. ಕೆಲವು ಪ್ರಶ್ನೆಗಳು ಉತ್ತರಕ್ಕಾಗಿ ಹುಟ್ಟಿರುವುದಿಲ್ಲ ಎಂಬುದು ಹದಿನೇಳು ವರ್ಷದ ದಾಂಪತ್ಯ ಅವನಿಗೆ ಕಲಿಸಿದ ವೇದಾಂತ. ಸಂಜೆಯೊಳಗೆ ಕಿಂಡಿಗಳನ್ನು ಕೂರಿಸಿದ, ಬಾಯಿ ಮುಂದಕ್ಕೆ. ಅಂಚಿಗೆ ರಬ್ಬರು, ಹನ್ನೆರಡು ಸ್ಕ್ರೂ, ಒಂದೂ ಉಳಿಯಲಿಲ್ಲ. ಮುಕ್ಕಾಲಿಗೆ ಈಗ ಎರಡು ಹೊಳ್ಳೆ, ಸಿಟ್ಟಾದ ಗೂಳಿಯ ಕಳೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಶ್ರುತಿಗಾರ ಹಲ್ಲುಜ್ಜುತ್ತಿದ್ದಾಗ ಎರಡು ಬೀದಿಯಾಚೆಯಿಂದ ಒಂದು ಸದ್ದು ಬಂತು. ಎರಡು ಸ್ವರ, ಜೊತೆಯಾಗಿ, ಉಸಿರು ತೆಗೆದುಕೊಳ್ಳದೆ. ಒಂದು ಷಡ್ಜ. ಇನ್ನೊಂದು ಪಂಚಮವಾಗಬೇಕೆಂದು ಹೊರಟು, ಕೂದಲೆಳೆಯಷ್ಟು ಕೆಳಗೇ ಸುಸ್ತಾಗಿ ಕೂತಿತ್ತು. ಅವನ ಬೆನ್ನುಹುರಿಯಲ್ಲಿ ಇರುವೆ ಹರಿದಂತಾಯಿತು. ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಬಾಗಿಲಿಗೆ ಓಡಿದ. ಸದ್ದು ಹತ್ತಿರ ಬಂತು, ತಿರುವಿನಲ್ಲಿ ಕಾಣಿಸಿಕೊಂಡಿತು. ಗಾಳಿ ನುಗ್ಗಿದ ಎರಡೂ ಹೊಳ್ಳೆಯಿಂದ ಮುಕ್ಕಾಲು ಹಾಡುತ್ತಿತ್ತು.

ಅಂದು ಮಧ್ಯಾಹ್ನ ಯಜಮಾನಿ ಬಕೆಟ್ಟನ್ನು ಕೇಳಲಿಲ್ಲ.

"ಮುಳ್ಳು ಕೆಂಪಿನ ಹತ್ರಾನೂ ಹೋಗ್ಲಿಲ್ಲ ಕಣ್ರೀ," ಎಂದಳು.

"ಅದಿರ್ಲಿ, ಆ ಪಂಚಮ ಇಳಿದಿದೆ. ಕಿಂಡಿ ತಿರುಗಿಸಿ ಹಾಕ್ತೀನಿ, ಚಿತ್ರದಲ್ಲಿದ್ದ ಹಾಗೆ. ಸಿಳ್ಳು ನಿಲ್ಲುತ್ತೆ."

"ಕೈ ಇಟ್ರೆ ನೋಡಿ! ಹಾರ್ನ್ ಹೊಡೆದು ಹೊಡೆದು ನನ್ನ ಹೆಬ್ಬೆರಳು ಸವೆದಿತ್ತು. ಇವತ್ತು ನಾನು ಹೋಗೋ ಮುಂಚೆ ಜನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ರು. ಎಂಟು ಗಂಟೆಗೆ ಬನ್ನೆಲ್ಲ ಖಾಲಿ."

"ಅಪಸ್ವರ ಕಣೇ ಅದು!"

"ಬನ್ನಿಗೇನು ಗೊತ್ತಾಗುತ್ತೆ?"

ಹತ್ತು ದಿನ ಅವನು ತಡೆದುಕೊಂಡ. ದಿಂಬಿನಡಿ ತಲೆಯಿಟ್ಟ, ಕಿವಿಗೆ ಹತ್ತಿ ತುರುಕಿದ, ಸ್ನಾನದ ಸಮಯವನ್ನು ಏಳಕ್ಕೆ ಬದಲಿಸಿ ತಲೆಯ ಮೇಲೆ ನೀರು ಬಿಟ್ಟುಕೊಂಡ. ಪಂಚಮ ನೀರಿನೊಳಗೂ ಇಳಿದೇ ಇತ್ತು. ಹನ್ನೊಂದನೆಯ ದಿನ ಹೆಂಡತಿ ಬ್ರೆಡ್ಡು ತುಂಬುತ್ತಿದ್ದಾಗ, ಪಿಯಾನೊ ತಂತಿಗಳ ಸದ್ದಡಗಿಸುವ ಕೆಂಪು ಉಣ್ಣೆಪಟ್ಟಿಯನ್ನು ಕತ್ತರಿಸಿ ಎರಡೂ ಹೊಳ್ಳೆಗೆ ಒಳಗಿನಿಂದ ಒತ್ತಿ ಬಂದ. ಮುಕ್ಕಾಲು ನೆಗಡಿಯಾದಂತೆ ಮೌನವಾಗಿ ಹೊರಟಿತು. ಶ್ರುತಿಗಾರ ಆ ದಿನ ಎರಡು ಲೋಟ ಕಾಫಿ ಕುಡಿದ.

ಒಂಬತ್ತೂವರೆಗೆ ಯಜಮಾನಿ ನಡೆದುಕೊಂಡು ಬಂದಳು. ಮುಖ ಬ್ರೆಡ್ಡಿನ ಒಲೆಯ ಬಣ್ಣ. ಕೈಯಲ್ಲಿ ಸುಟ್ಟ ವಾಸನೆಯ ಎರಡು ಕೆಂಪು ಪಟ್ಟಿ.

"ಆಸ್ಪತ್ರೆ ಏರಲ್ಲಿ ನಿಂತಿದೆ. ರೋಗಿಗಳಿಗೆ ಕೊಡೋ ಅರವತ್ತು ಬ್ರೆಡ್ಡು ಒಳಗಿದೆ. ಇದೇನು ಅಂತ ನಾನು ಕೇಳಲ್ಲ."

ಅವಳು ಕೇಳದಿದ್ದದ್ದೇ ಭಾರವಾಯಿತು. ಶ್ರುತಿಗಾರ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೊರಟ. ಎರಡು ಬುಟ್ಟಿ ಬ್ರೆಡ್ಡನ್ನು ಹೆಗಲ ಮೇಲೆ ಹೊತ್ತು ಏರು ಹತ್ತಿದ, ಇಳಿದ, ಮತ್ತೆ ಹತ್ತಿದ. ಮೂರನೆಯ ಸಲ ಹತ್ತುವಾಗ ಅವನಿಗೆ ಹೆಂಡತಿಯ ಕಾಲು ನೆನಪಾಯಿತು. ಎರಡು ವರ್ಷ ಆರಾರು ಗಂಟೆ ಬೆಂದ ಕಾಲು. ಎಂಜಿನ್ ತಣಿಯುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಕೂತು ಒಂದು ಬನ್ನನ್ನು ಮುರಿದು ತಿಂದರು.

"ಇನ್ನು ಮುಟ್ಟಲ್ಲ," ಎಂದ ಅವನು.

"ಮುಟ್ಟಿ ನೋಡಿ," ಎಂದಳು ಅವಳು. ಆದರೆ ದೊಡ್ಡ ತುಂಡನ್ನು ಅವನಿಗೇ ಕೊಟ್ಟಳು.

ಅಲ್ಲಿಗೆ ಹೊಳ್ಳೆಗಳು ಶಾಶ್ವತವಾದವು. ಶ್ರುತಿಗಾರ ಏಳು ಗಂಟೆಗೆ ಹಲ್ಲು ಕಚ್ಚಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡ. ನಾಲ್ಕು ತಿಂಗಳು ಕಳೆದ ಮೇಲೆ ಶಾಲೆಯಿಂದ ಸಂಗೀತದ ಟೀಚರು ಹೇಳಿಕಳಿಸಿದರು: ಪಿಯಾನೊ ಕೆಟ್ಟಿದೆ, ಶನಿವಾರ ಮಕ್ಕಳ ಕಾರ್ಯಕ್ರಮ, ತಕ್ಷಣ ಬರಬೇಕು.

ಅವನು ಹೋಗಿ ಮುಚ್ಚಳ ತೆಗೆದು, ಸರಿಯಾದ ಸ್ವರ ಕೊಡುವ ಉಕ್ಕಿನ ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದ. ಪಿಯಾನೊದ ಒಂದೊಂದೇ ಸ್ವರದ ಮನೆ ಒತ್ತಿ ನೋಡಿದ. ತಾನೇ ಕಳೆದ ತಿಂಗಳು ಕೂಡಿಸಿದ್ದು, ಕೂದಲಷ್ಟೂ ಕದಲಿರಲಿಲ್ಲ.

"ಟೀಚರೇ, ಇದು ಅಪ್ಪಟವಾಗಿದೆ."

"ಹಾಗಾದ್ರೆ ಕೇಳಿ," ಎಂದು ಅವರು ಸಾಲಾಗಿ ನಿಂತಿದ್ದ ನೂರಿಪ್ಪತ್ತು ಮಕ್ಕಳಿಗೆ ಕೈಯೆತ್ತಿದರು.

ಮಕ್ಕಳು ಹಾಡಿದರು. ಎಲ್ಲರೂ ಒಟ್ಟಿಗೆ, ಮನಸಾರೆ, ಒಬ್ಬರೂ ತಪ್ಪದೆ. ಷಡ್ಜ ಸರಿಯಿತ್ತು. ಪಂಚಮಕ್ಕೆ ಬಂದಾಗ ನೂರಿಪ್ಪತ್ತು ಗಂಟಲೂ ಕೂದಲೆಳೆಯಷ್ಟು ಕೆಳಗೆ ಸುಸ್ತಾಗಿ ಕೂತವು. ಶ್ರುತಿಗಾರ ಪಿಯಾನೊದ ಅಂಚು ಹಿಡಿದುಕೊಂಡ.

"ದಿನಾ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗಲೇ ನಿಮ್ಮ ಮನೆಯವರ ಗಾಡಿ ಬರುತ್ತೆ," ಎಂದರು ಟೀಚರು. "ಮಕ್ಕಳು ಅದನ್ನೇ ಹಿಡ್ಕೊಂಡಿದಾರೆ. ನಾನೂ ಹೇಳಿ ಹೇಳಿ ಸಾಕಾಯ್ತು. ನಿಮ್ಮ ಪಿಯಾನೊ ಒಂದೇ ಬೇರೆ ಹೋಗ್ತಿದೆ."

"ಆದರೆ ಪಿಯಾನೊ ಸರಿಯಾಗಿದೆ!"

"ಇರಬಹುದು. ನೂರಿಪ್ಪತ್ತು ಮಕ್ಕಳ ಕಿವಿ ತಿರುಗಿಸ್ತೀರಾ, ಒಂದು ಪಿಯಾನೊ ತಿರುಗಿಸ್ತೀರಾ? ಶನಿವಾರಕ್ಕೆ ಎರಡೇ ದಿನ."

ಮೂವತ್ತು ವರ್ಷ ಊರಿನ ಶ್ರುತಿ ಕಾಯ್ದವನು ತಂತಿ ತಿರುಗಿಸುವ ಕೀಲಿ ತೆಗೆದುಕೊಂಡು ಕೂತ. ಮೊದಲ ತಂತಿಯನ್ನು ಇಳಿಸಲು ಹೊರಟ. ಎಷ್ಟು ಇಳಿಸಬೇಕೆಂದು ಕೈಗೆ ತಿಳಿಯಲಿಲ್ಲ. ತಪ್ಪನ್ನು ಕರಾರುವಾಕ್ಕಾಗಿ ಮಾಡಲು ಅವನು ಯಾರ ಹತ್ತಿರವೂ ಕಲಿತಿರಲಿಲ್ಲ. ಅಷ್ಟರಲ್ಲಿ ಹೊರಗಿನ ಬೀದಿಯಲ್ಲಿ ಆ ಎರಡು ಸ್ವರ ಕೇಳಿಸಿತು, ಹತ್ತಿರವಾಯಿತು, ಗೇಟಿನ ಬಳಿ ನಿಂತಿತು. ಬನ್ನಿನ ತಟ್ಟೆ ಹಿಡಿದ ಯಜಮಾನಿ ಕಿಟಕಿಯಲ್ಲಿ ಮುಖ ಹಾಕಿದಳು. ಟೀಚರು ವಿಷಯ ಹೇಳಿದರು. ಅವಳು ನಗಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಏನ್ರೀ, ಸರಿಯಾಗಿ ಕೇಳಿಸ್ತಾ? ಇನ್ನೊಂದು ಸುತ್ತು ಬರ್ಲಾ?"

ಶ್ರುತಿಗಾರ ಶ್ರುತಿಕವೆಯನ್ನು ಜೇಬಿಗೆ ಹಾಕಿಕೊಂಡ.

"ಎರಡು ಸುತ್ತು ಬಾ," ಎಂದ. "ವೇಗ ಮಾತ್ರ ಬದಲಾಯಿಸ್ಬೇಡ."