ಕಾಳು ಹಾಕಿದವನು

ಲಿಫ್ಟಿನವನ ಬಾಯಿಂದ ಬೆಳಿಗ್ಗೆ ಜಾರಿದ್ದು ಒಂದೇ ಮಾತು. ಆಸ್ಪತ್ರೆಯ ಔಷಧಿ ಕೌಂಟರಿನವನು, "ಜೇಬು ಉಬ್ಬಿದೆಯಲ್ಲ, ಎಲ್ಲಿಗೆ ಸವಾರಿ?" ಎಂದಾಗ, "ಮೂರನೇ ಮಹಡಿಗೆ, ಸಿಸ್ಟರ್ ಹತ್ರ. ಕಾಳು ಹಾಕಬೇಕು" ಎಂದುಬಿಟ್ಟ.

ಕಾಳು ಎಂದರೆ ಕಾಳೇ. ಕಾಲು ಮುರಿದುಕೊಂಡು ಬಂದು, ಈಚೆಗೆ ಉಸಿರಿಗೂ ಒದ್ದಾಡುತ್ತಿದ್ದ ಆ ಮಹಡಿಯ ಅಜ್ಜಿಯೊಬ್ಬರಿಗೆ ಕಿಟಕಿಯ ಪಾರಿವಾಳಗಳೇ ಉಳಿದಿದ್ದ ಸುಖ. ಸಿಸ್ಟರ್ ಕೇಳಿಕೊಂಡಿದ್ದರಿಂದ ಇವನು ದಿನವೂ ಕಿಟಕಿಯಾಚೆ ಜೋಳ ಚೆಲ್ಲುತ್ತಿದ್ದ. ಹೆಣ್ಣಿನ ಬೆನ್ನು ಹತ್ತುವುದಕ್ಕೂ ಜನ ಅದೇ ಮಾತು ಬಳಸುತ್ತಾರೆಂಬುದು, ಕೌಂಟರಿನವನು ಕಣ್ಣು ಹೊಡೆಯುವವರೆಗೆ ಹೊಳೆಯಲಿಲ್ಲ.

ಸುದ್ದಿ ಅವನದೇ ಲಿಫ್ಟಿನಲ್ಲಿ, ಅವನ ಬೆನ್ನ ಹಿಂದೆಯೇ ನಿಂತು ಮೇಲೇರಿತು. ಒಂದನೇ ಮಹಡಿಯಲ್ಲಿ ಸಿಸ್ಟರ್ ನಕ್ಕಿದ್ದರು, ಎರಡನೆಯದರಲ್ಲಿ ಅತ್ತಿದ್ದರು, ನಾಲ್ಕನೆಯದರಲ್ಲಿ ಅವರ ಗಂಡ ಮಚ್ಚು ಮಸೆಯುತ್ತಿದ್ದ. ಸಿಸ್ಟರಿಗೆ ಮದುವೆಯೇ ಆಗಿರಲಿಲ್ಲ.

ಅವನ ಹಂಗಾಮಿ ಕೆಲಸ ಕಾಯಂ ಆಗಬೇಕಿದ್ದದ್ದು ಅಂದೇ ಸಂಜೆ. ಮಧ್ಯಾಹ್ನವೇ ದೊಡ್ಡ ಡಾಕ್ಟರ ಕರೆ ಬಂತು.

"ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತೇನಯ್ಯಾ? ಹೋಗ್ಲಿ, ಸಿಸ್ಟರ್‌ಗೆ ಕಾಳು ಹಾಕಿದೆ ಅಂತ ಒಪ್ಕೋ. ಬೈದು ಬಿಟ್ಟುಬಿಡ್ತೀನಿ."

"ಇಲ್ಲ ಸಾರ್, ನಾನು ಹಾಕಿದ್ದು ಪಾರಿವಾಳಕ್ಕೆ."

"ಪಾರಿವಾಳ ಅಂತ ಬೇರೆ ಕರೀತೀಯಾ?"

ಸಿಸ್ಟರನ್ನೇ ಕೇಳಿ ಎಂದು ಅವನು ಅಂಗಲಾಚಿದ. ಅವರು ಬಂದರು, ಕಣ್ಣು ಕೆಂಪಗಿತ್ತು. ಇವನನ್ನೇ ದಿಟ್ಟಿಸುತ್ತ, "ಹೌದು ಸಾರ್. ಇವರು ನನಗೇ ಕಾಳು ಹಾಕ್ತಿದ್ರು" ಎಂದರು.

ಬಾಯಿ ಸೋತಾಗ ಅವನಿಗೆ ಜೇಬು ನೆನಪಾಯಿತು; ಅದನ್ನೇ ಮೇಜಿನ ಮೇಲೆ ಬೋರಲು ಹಾಕಿದ. ಜೋಳ ಆಲಿಕಲ್ಲಿನಂತೆ ಗಾಜಿನ ಮೇಲೆಲ್ಲ ಪುಟಿಯಿತು. ಸಿಸ್ಟರ್ ಕಣ್ಣು ಮುಚ್ಚಿಕೊಂಡರು.

ಡಾಕ್ಟರು ಒಂದು ಕಾಳನ್ನು ಬೆರಳಲ್ಲಿ ಉರುಳಿಸಿದರು. "ಮೂರನೇ ಮಹಡಿ ಅಜ್ಜಿ ಈಗಷ್ಟೇ ಹೋದ್ರು. ಶ್ವಾಸಕೋಶದ ಸೋಂಕು, ಪಾರಿವಾಳದ ಹಿಕ್ಕೆಯಿಂದ ಬಂದದ್ದು. ಅವನ್ನ ಕಿಟಕಿಗೆ ಕರೆದೋರು ಯಾರು ಅಂತ ಹುಡುಕ್ತಿದ್ದೆ. ನಿಂಗೆ ಯಾರು ಹೇಳಿದ್ರು?"

ಸಿಸ್ಟರ್ ಯಾಕೆ ಸುಳ್ಳಾಡಿದರೆಂದು ಅವನಿಗೆ ಆಗ ತಿಳಿಯಿತು. ಆ ತಪ್ಪಿಗಾದರೆ ಬರೀ ಬೈಗುಳ, ಈ ತಪ್ಪಿಗೆ ಕೆಲಸವೇ ಹೋಗುತ್ತಿತ್ತು.

"ಯಾರೂ ಇಲ್ಲ ಸಾರ್. ನಾನೇ."

ಸಂಜೆ ಅವನು ಮೆಟ್ಟಿಲಿಳಿದು ಹೊರಟಾಗ, ಲಿಫ್ಟು ಬಾಯಿ ತೆರೆದು ಖಾಲಿ ನಿಂತಿತ್ತು. ಕೌಂಟರಿನವನು ಪಕ್ಕದವರಿಗೆ ಪಿಸುಗುಟ್ಟಿದ: "ಪಾಪ, ಸಿಸ್ಟರ್‌ಗೋಸ್ಕರ ಕೆಲಸಾನೇ ಕಳ್ಕೊಂಡ ನೋಡಿ."

ದಿನವಿಡೀ ಹಬ್ಬಿದ ಸುದ್ದಿಯಲ್ಲಿ ನಿಜವಾದದ್ದು ಅದೊಂದೇ.