ಉಬ್ಬಿದ ಗಾಜಿನ ಗುಟ್ಟು

ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ದಿನಕ್ಕೆ ಹದಿನೆಂಟು ಲೀಟರ್ ಹಾಲು ಹಾಕುವ ಮಹಾದೇವಸ್ವಾಮಿ, ಭಾನುವಾರ ಬೆಳಗ್ಗೆ ಎಂಟಕ್ಕೆ ಸ್ಟೀಲ್ ಲೋಟ ಹಿಡಿದು ಪಕ್ಕದ ಮನೆಗೆ ಮಜ್ಜಿಗೆ ಕೇಳಲು ಬಂದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ? ಸಿದ್ದಮಲ್ಲಪ್ಪನವರಿಗಂತೂ ಬಂತು. ಅವರಿಗೆ ಅನುಮಾನ ಬರಲು ಇಷ್ಟೆಲ್ಲ ಕಾರಣವೇ ಬೇಕಾಗಿರಲಿಲ್ಲ ಎನ್ನುವುದು ಬೇರೆ ಮಾತು.

“ಮನೇಲಿ ಹೆಪ್ಪು ಕೂತಿಲ್ಲ ಸಾ,” ಎಂದ ಮಹಾದೇವಸ್ವಾಮಿ. ಬಾಯಿ ಇವರ ಜೊತೆ ಮಾತಾಡುತ್ತಿತ್ತು. ಕಣ್ಣು ಮಾತ್ರ ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಲ ಶೆಡ್ಡಿನ ಬೀಗದ ಮೇಲೆ ಹೋಗಿ ಕೂತಿತ್ತು.

“ಮಜ್ಜಿಗೆ ಇಲ್ಲ.”

“ಅಮ್ಮಾವ್ರು ಈಗ ತಾನೆ ಕಡೀತಿದ್ರು, ಸದ್ದು ಕೇಳುಸ್ತು.”

“ಅದು ಬೇರೆ ಸದ್ದು,” ಎಂದು ಸಿದ್ದಮಲ್ಲಪ್ಪನವರು ಬಾಗಿಲು ಹಾಕಿ ಚಿಲಕ ಜಡಿದರು. ಒಳಗೆ ಮಜ್ಜಿಗೆ ಕಡೆಯುತ್ತಿದ್ದ ಹೆಂಡತಿ ದೇವಮ್ಮಣ್ಣಿ ತಲೆ ಎತ್ತಿ ನೋಡಿ, ಮತ್ತೆ ಕಡೆಯತೊಡಗಿದರು.

ಗುಟ್ಟು ಇದ್ದದ್ದು ಆ ಶೆಡ್ಡಿನಲ್ಲೇ. ಮೂವತ್ತನಾಲ್ಕು ವರ್ಷ ನೀರಾವರಿ ಇಲಾಖೆಯಲ್ಲಿ ತೂಬು, ಮೋರಿ, ಕಾಲುವೆಗಳ ನಕ್ಷೆ ಬರೆದ ಮನುಷ್ಯ ಅವರು. ಬರೆದವರು ಇವರು, ಕೆಳಗೆ ಸಹಿ ಮಾತ್ರ ಇಂಜಿನಿಯರರದು. ಹುಲ್ಲಹಳ್ಳಿಯ ಸುತ್ತ ಯಾವ ತೂಬಿನ ಮೇಲೂ ಸಿದ್ದಮಲ್ಲಪ್ಪ ಎಂಬ ಹೆಸರಿಲ್ಲ. ರಿಟೈರಾದ ಮೇಲೆ ಅದೊಂದು ಕೊರಗು ಅವರ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಹಾಗಿರುವಾಗ ಫೋನಿನಲ್ಲಿ ಕಂಡದ್ದು ನೊರೆಗಾಜು. ಒಡೆದ ಬಾಟಲಿಯನ್ನು ಹಿಟ್ಟಿನಂತೆ ಪುಡಿಮಾಡಿ, ಕಾವಿಗೆ ಗಾಳಿ ಬಿಡುವಂಥದ್ದೇನನ್ನಾದರೂ ಚಿಟಿಕೆ ಬೆರೆಸಿ, ಅಚ್ಚಿಗೆ ತುಂಬಿ ಕರೆಂಟಿನ ಕುಲುಮೆಯಲ್ಲಿ ಎಂಟುನೂರೈವತ್ತು ಡಿಗ್ರಿಗೆ ಕಾಯಿಸಿದರೆ ಗಾಜು ಇಡ್ಲಿಯಂತೆ ಉಬ್ಬುತ್ತದೆ. ನೋಡಲು ಕಲ್ಲು, ನೀರಿಗೆ ಹಾಕಿದರೆ ತೇಲುತ್ತದೆ.

ಮೈಸೂರಿನಲ್ಲಿ ಗಾಜಿನ ಕೆಲಸ ಕಲಿಸುವ ನಂದಿತಾ ಎಂಬ ಹುಡುಗಿ ಮೂರು ತಿಂಗಳು ಫೋನಿನಲ್ಲೇ ಪಾಠ ಮಾಡಿದ್ದಳು. ಕೊನೆಗೆ ಹತ್ತು ದಿನದ ತರಬೇತಿಗೆ, ಹೀಗೆ ಫೋನಿನಲ್ಲಿ ಕಲಿತವರಿಗೆಲ್ಲ ಸೇರಿ ಒಂದೇ ಒಂದು ಸೀಟು ಇಟ್ಟಿದ್ದಳು. ಅಲ್ಲಿ ಮಾಡಿದ ವಸ್ತುವಿಗೆ ಮಾಡಿದವರ ಹೆಸರು ಬರೆದು ಪ್ರದರ್ಶನಕ್ಕಿಡುತ್ತಾರೆ. ಷರತ್ತು ಎರಡು: ವಸ್ತು ತೇಲಬೇಕು, ಮತ್ತು ಗಾಜಿಗೆ ಹಾಕುವ ಆ ಚಿಟಿಕೆ ಬೆರಕೆ ಸ್ವಂತದ್ದಾಗಿರಬೇಕು. ಭಾನುವಾರ ಸಂಜೆ ನಾಲ್ಕಕ್ಕೆ ವಿಡಿಯೋ ಕಾಲಿನಲ್ಲಿ ತೋರಿಸಿ, ಬೆರಕೆ ಏನೆಂದು ಬಾಯಿಬಿಟ್ಟು ಹೇಳಬೇಕು.

ಸಿದ್ದಮಲ್ಲಪ್ಪನವರ ಬೆರಕೆಯೇ ತೊಡಕಿನದು. ಮೊಟ್ಟೆಯ ಚಿಪ್ಪು! ಅವರಿದ್ದದ್ದು ಮಠದ ಬೀದಿ. ಆ ಬೀದಿಯಲ್ಲಿ ಮೊಟ್ಟೆ ಹೊಸ್ತಿಲು ದಾಟಿದ್ದನ್ನು ಕಂಡವರಿಲ್ಲ. ನಂಜನಗೂಡಿನಲ್ಲಿ ತಂದರೂ ಗುರುತಿನವರು ಸಿಗುತ್ತಾರೆಂದು ಎರಡು ಬಸ್ಸು ಹತ್ತಿ ತಿ. ನರಸೀಪುರಕ್ಕೆ ಹೋಗಿ, ಆಮ್ಲೆಟ್ ಗಾಡಿಯ ಹಿಂದೆ ಬಿದ್ದಿದ್ದ ಚಿಪ್ಪನ್ನು ಮುಖಕ್ಕೆ ಟವೆಲ್ ಸುತ್ತಿಕೊಂಡು ಆರಿಸಿ ತಂದಿದ್ದರು. ತೊಳೆದು ಒಣಗಿಸಿ ಕುಟ್ಟಿ, ಹಾಲುಪುಡಿ ಡಬ್ಬಿಗೆ ತುಂಬಿ, ಮೇಲೆ ಕೆಂಪಕ್ಷರದಲ್ಲಿ ‘ವಿಷ’ ಎಂದು ಬರೆದು ಅಟ್ಟಕ್ಕೇರಿಸಿದ್ದರು. ಐದು ಸಲ ಕುಲುಮೆಗೆ ಹಾಕಿದ್ದೂ ಆಯಿತು. ಒಂದು ಸಲ ಒಬ್ಬಟ್ಟಿನಂತೆ ಚಪ್ಪಟೆ ಬಂತು, ಉಳಿದ ನಾಲ್ಕು ಸಲ ಬಿರಿದು ಚೂರಾಯಿತು. ಆರನೆಯದು ಒಂದು ಆಮೆ. ನಿನ್ನೆ ಕಾಯಿಸಿ ಈಗ ಮೆಲ್ಲಗೆ ತಣಿಸುತ್ತಿದ್ದರು. ನಾಲ್ಕು ಗಂಟೆಗೆ ಮುಂಚೆ ಮುಚ್ಚಳ ತೆಗೆದರೆ ಆಮೆ ಪಟ್ ಅಂತ ಸೀಳುತ್ತದೆ. ಇನ್ನೊಂದು ಆಮೆಗೆ ಸಮಯವಿಲ್ಲ.

ಹನ್ನೊಂದು ಗಂಟೆಗೆ ಇನ್ನೊಂದು ಕಡೆಯ ಕಾಂಪೌಂಡಿನ ಮೇಲೆ ಸಾಕಮ್ಮನ ತಲೆ ಮೂಡಿತು. ಸಂಡಿಗೆ ಒಣಹಾಕುವ ನೆಪ. ಆದರೆ ಸಂಡಿಗೆ ಇದ್ದದ್ದು ಆಕೆಯ ಬೆನ್ನ ಹಿಂದೆ.

“ಮಲ್ಲಪ್ಪಣ್ಣ, ಮೂಟೆಗಟ್ಲೆ ಬಾಟ್ಲಿ ಒಳೀಕ್ ಓಯ್ತವೆ, ಒಂದೂ ಆಚೀಗ್ ಬರಾಕಿಲ್ವಲ್ಲ. ಏನಣ್ಣ ಮಾಡ್ತೀಯೆ?”

“ಆಡ್ತೀನಿ,” ಎಂದರು ಸಿದ್ದಮಲ್ಲಪ್ಪನವರು.

“ಈ ವಯಸ್ನಲ್ಲಾ?”

ಸಾಕಮ್ಮನ ಅಕ್ಕನ ಮಗಳು ಮೈಸೂರಿನಲ್ಲಿ ಡ್ರಾಯಿಂಗ್ ಕಲಿಯುತ್ತಿರುವುದು ಅವರಿಗೆ ಥಟ್ಟನೆ ನೆನಪಾಯಿತು. ಓಹೋ! ನಾಲ್ಕರೊಳಗೆ ಬೆರಕೆ ತಿಳಿದುಕೊಂಡು ಆ ಹುಡುಗಿಗೆ ಫೋನ್ ಮಾಡುವ ಹುನ್ನಾರ. ಅವರು ಅಟ್ಟದಿಂದ ಡಬ್ಬಿಯನ್ನು ಇಳಿಸಿ ಬಗಲಿಗೆ ಇರುಕಿಕೊಂಡರು. ಊಟಕ್ಕೆ ಕೂತಾಗಲೂ ಅದು ತೊಡೆಯ ಮೇಲಿತ್ತು.

“ರೀ, ಆ ಡಬ್ಬಿ ಕೆಳಗಿಡ್ರೀ. ಯಾರಿಗ್ರೀ ಬೇಕು ನಿಮ್ ಗುಟ್ಟು?” ಎಂದರು ದೇವಮ್ಮಣ್ಣಿ.

“ಯಾರಿಗೆ ಬೇಡ ಅದನ್ನ ಹೇಳು. ನೀನು ಬೆಳಗ್ಗೆ ತಂಗಿ ಜೊತೆ ಫೋನಲ್ಲಿ ಏನು ಮಾತಾಡ್ತಿದ್ದೆ?”

“ಮೊಳಕೆ ಹುಳ್ಳಿಕಾಳು ಸಾರು.”

ಆ ಉತ್ತರವೂ ಅವರಿಗೆ ಪೂರ್ತಿ ನಂಬಿಕೆ ತರಲಿಲ್ಲ. ದೇವಮ್ಮಣ್ಣಿ ಡಬ್ಬಿಯನ್ನೇ ಒಂದು ಕ್ಷಣ ನೋಡಿ ಸಾರು ಬಡಿಸಿದರು.

ಎರಡೂವರೆಗೆ ಬಂದವನು ಲೈನ್‌ಮನ್ ರವಿಕುಮಾರ್. ಹಿಂದೆ ಮಹಾದೇವಸ್ವಾಮಿ, ಅವನ ಹಿಂದೆ ಸಾಕಮ್ಮ, ಅವಳ ಹಿಂದೆ ಅರ್ಧ ಬೀದಿ.

“ಸಾ, ನಿನ್ನೆ ಇಡೀ ಬೀದೀಲಿ ಮಿಕ್ಸಿ ತಿರುಗಿಲ್ಲ. ಕರೆಂಟೆಲ್ಲ ನಿಮ್ ಶೆಡ್‌ಗೇ ಓಗ್ತಾ ಐತೆ. ಬಾಗ್ಲು ತೆಗೀರಿ, ನೋಡ್ಬೇಕು.”

“ಯಾರು ಕಳಿಸಿದ್ರು ನಿನ್ನ? ಸಾಕಮ್ಮನ ಅಕ್ಕನ ಮಗಳಾ?”

ರವಿಕುಮಾರ್ ಕಣ್ಣುಕಣ್ಣು ಬಿಟ್ಟ. ಮಹಾದೇವಸ್ವಾಮಿ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. “ಮುಚ್ಚುಮರೆ ಯಾಕೆ ಸಾ. ಮೂಟೆ ಬಾಟ್ಲಿ, ಒಲೆ, ಬೀಗ. ನೀವು ಬಟ್ಟಿ ಇಳಿಸ್ತಿದ್ದೀರಿ ಅಂತ ಬೀದೀಗೆಲ್ಲ ಗೊತ್ತು. ಮಠದ ಬೀದೀಲಿ ಇದು ನಡೆಯಾಕಿಲ್ಲ.”

ಸಿದ್ದಮಲ್ಲಪ್ಪನವರು ಒಂದು ಗಳಿಗೆ ಬೆಪ್ಪಾದರು. ಆಮೇಲೆ ಅವರಿಗೆ ಎಲ್ಲ ಸ್ಪಷ್ಟವಾಯಿತು. ಬಟ್ಟಿಯ ಹೆಸರು ಹೇಳಿ ಮುಚ್ಚಳ ತೆಗೆಸುವ ಉಪಾಯ ಇದು! ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತರು.

“ನಾಲ್ಕು ಗಂಟೆಗೆ ತೆಗೀತೀನಿ. ಅದಕ್ಕೆ ಮುಂಚೆ ಒಳಗೆ ಕಾಲಿಟ್ಟರೆ ನನ್ನ ಹೆಣ ದಾಟಿ ಹೋಗಬೇಕು.”

“ಕರೆಂಟಾದ್ರೂ ತೆಗೀತೀನಿ ಸಾ,” ಎಂದು ರವಿಕುಮಾರ್ ಕಂಬದ ಕಡೆ ತಿರುಗಿದ.

“ತೆಗೆದೀಯಾ ಜೋಕೆ! ಒಂದೇ ಸಲ ತಣ್ಣಗಾದ್ರೆ ಸೀಳುತ್ತೆ ಕಣಯ್ಯ!”

“ಏನ್ ಸೀಳ್ತದೆ?”

“ಹೇಳಲ್ಲ.”

ಸೀಳುವ ಮಾತು ಕೇಳಿ ಸಾಕಮ್ಮ ನಾಲ್ಕು ಹೆಜ್ಜೆ ಹಿಂದೆ ಸರಿದಳು. ಹಿಂದಿದ್ದವರು ಎಂಟು ಹೆಜ್ಜೆ ಸರಿದರು. ಆದರೆ ಮನೆಗೆ ಹೋದವನು ಒಬ್ಬನೂ ಇಲ್ಲ. ಒಂದೂವರೆ ಗಂಟೆ ಕಾಲ ಅವರು ಇವರನ್ನು ಕಾದರು, ಇವರು ಬಾಗಿಲನ್ನು ಕಾದರು. ದೇವಮ್ಮಣ್ಣಿ ನಡುವೆ ಬಂದು ಎಲ್ಲರಿಗೂ ಒಂದೊಂದು ಲೋಟ ಮಜ್ಜಿಗೆ ಕೊಟ್ಟು ಹೋದರು. ಮಹಾದೇವಸ್ವಾಮಿ ಎರಡು ಲೋಟ ಕುಡಿದ.

ಸರಿಯಾಗಿ ನಾಲ್ಕಕ್ಕೆ ಫೋನ್ ಬಡಿದುಕೊಂಡಿತು. ಸಿದ್ದಮಲ್ಲಪ್ಪನವರು ಬೀಗ ತೆಗೆದು, ಕುಲುಮೆಯ ಮುಚ್ಚಳ ಎತ್ತಿ, ಅಚ್ಚು ಬಿಡಿಸಿದರು. ಒಂದು ಬಿರುಕಿಲ್ಲ! ಬೆನ್ನೆಲ್ಲ ಗುಳ್ಳೆಗುಳ್ಳೆಯಾಗಿ, ತಿಳಿಹಸಿರು ಬಣ್ಣದ ಆಮೆ. ಬಕೆಟ್ ನೀರಿಗೆ ಬಿಟ್ಟರೆ ಒಮ್ಮೆ ಮುಳುಗೆದ್ದು ಹಾಯಾಗಿ ತೇಲಿತು. ಅವರ ಕಣ್ಣಲ್ಲಿ ನೀರು ಬಂತು. ಬಟ್ಟಿ ಹಿಡಿಯಲು ಬಂದಿದ್ದ ಬೀದಿ ಬಾಯಿಬಿಟ್ಟುಕೊಂಡು ನಿಂತಿತು. ಮೊದಲು ಚಪ್ಪಾಳೆ ಹೊಡೆದವನೇ ರವಿಕುಮಾರ್.

“ಅದ್ಭುತ ಸರ್!” ಎಂದಳು ಫೋನಿನಲ್ಲಿ ನಂದಿತಾ. “ಇಷ್ಟು ಸಮನಾಗಿ ಉಬ್ಬಿರೋದು ಈ ಸಲ ಯಾರದ್ದೂ ಬಂದಿಲ್ಲ. ಬೆರಕೆ ಏನು ಹೇಳಿ.”

ಸಿದ್ದಮಲ್ಲಪ್ಪನವರು ಸುತ್ತ ನೋಡಿದರು. “ಎಲ್ಲರೂ ಸ್ವಲ್ಪ ಆಚೆ ಹೋಗಿ.”

ಎಲ್ಲರೂ ಸ್ವಲ್ಪ ಒಳಗೆ ಬಂದರು.

ಅವರು ಫೋನಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು.

“ಕೇಳಿಸ್ತಿಲ್ಲ ಸರ್.”

ಇನ್ನೊಮ್ಮೆ ಪಿಸುಗುಟ್ಟಿದರು.

“ಸರ್, ಇನ್ನೂ ಆರು ಜನ ಕಾಯ್ತಿದ್ದಾರೆ. ಹೇಳೋಕಾಗಲ್ಲ ಅಂದ್ರೆ ಸೀಟು ಮುಂದಿನವರಿಗೆ...”

“ಮೊಟ್ಟೆ ಚಿಪ್ಪು ಕಣಮ್ಮಾ!” ಸಿದ್ದಮಲ್ಲಪ್ಪನವರು ಕಿರುಚಿದರು. “ಮೊಟ್ಟೆ ಚಿಪ್ಪು! ಪುಡಿ ಮಾಡಿದ ಮೊಟ್ಟೆ ಚಿಪ್ಪು!”

ಬೀದಿ ಉಸಿರು ಹಿಡಿಯಿತು. ಸಾಕಮ್ಮ ಸೆರಗನ್ನು ಮೂಗಿಗೆ ತಂದುಕೊಂಡಳು. ಮಹಾದೇವಸ್ವಾಮಿ ಕುಡಿದ ಮಜ್ಜಿಗೆಯನ್ನು ಏನು ಮಾಡುವುದೆಂದು ತಿಳಿಯದೆ ಹೊಟ್ಟೆ ಮುಟ್ಟಿ ನೋಡಿಕೊಂಡ. ಬಟ್ಟಿಯೇ ಆಗಿದ್ದರೆ ಚೆನ್ನಾಗಿತ್ತು ಎಂಬಂತಿತ್ತು ಎಲ್ಲರ ಮುಖ.

ಆಗ ಅಡುಗೆಮನೆ ಬಾಗಿಲಿಂದ ದೇವಮ್ಮಣ್ಣಿಯವರ ದನಿ ಗಟ್ಟಿಯಾಗಿ ಬಂತು.

“ನಮ್ಮನೇಲಿ ಯಾವ ಮೊಟ್ಟೇನೂ ಇಲ್ಲ, ಚಿಪ್ಪೂ ಇಲ್ಲ. ಕಳೆದ ಸೋಮವಾರ ಅಟ್ಟ ಗುಡಿಸುವಾಗ ಆ ಡಬ್ಬಿ ತೆಗೆದು ನೋಡ್ದೆ, ಮೊಟ್ಟೆ ವಾಸನೆಗೆ ವಾಕರಿಕೆ ಬಂತು. ಅಷ್ಟನ್ನೂ ನುಗ್ಗೆಮರದ ಬುಡಕ್ಕೆ ಸುರಿದೆ. ಇವರು ರೇಗ್ತಾರಲ್ಲ ಅಂತ ಡಬ್ಬಿ ತೊಳೆದು, ನಮ್ಮ ರಂಗೋಲಿ ಪುಡೀನ ಜರಡಿ ಹಿಡಿದು ತುಂಬಿಟ್ಟೆ. ಆ ಆಮೆ ಉಬ್ಬಿರೋದು ರಂಗೋಲಿ ಪುಡೀಲಿ. ಮನೆ ಮರ್ಯಾದೆ ಬೀದಿಗೆ ಬೀಳ್ದೇ ಇರ್ಲಿ ಅಂತ ಇಷ್ಟು ದಿನ ಬಾಯ್ಬಿಡ್ಲಿಲ್ಲ. ಇವರೇ ಕೂಗಿ ಹೇಳಿದ್ರಲ್ಲ!”

ಬೀದಿ ಉಸಿರು ಬಿಟ್ಟಿತು. ಸಿದ್ದಮಲ್ಲಪ್ಪನವರು ಡಬ್ಬಿಯೊಳಗೆ ಬೆರಳಿಟ್ಟು, ಬೆಳಕಿಗೆ ಹಿಡಿದು ನೋಡಿ, ಬಕೆಟ್ಟಿನ ಪಕ್ಕ ಕುಸಿದು ಕೂತರು. ಎರಡು ಬಸ್ಸು, ಟವೆಲ್ಲು, ಬಗಲಲ್ಲಿ ಇರುಕಿಕೊಂಡು ಕಾದ ಗುಟ್ಟು, ಎಲ್ಲವೂ ಬೀದಿಯ ಪ್ರತಿ ಮನೆಯ ಬಾಗಿಲ ಮುಂದೆ ದಿನಾ ಬೆಳಗ್ಗೆ ಬಿದ್ದಿರುವ ಪುಡಿಗೆ!

“ರಂಗೋಲಿ ಪುಡೀನಾ?” ಫೋನಿನಿಂದ ನಂದಿತಾಳ ದನಿ ಕುಣಿಯಿತು. “ಜರಡಿ ಹಿಡಿದು? ಅದಕ್ಕೇ ಗುಳ್ಳೆ ಇಷ್ಟು ಸಣ್ಣಗೆ ಬಂದಿದೆ! ಸರ್, ಬೆರಕೆ ಸ್ವಂತದ್ದಾಗಿರಬೇಕು ಅಂತಿತ್ತಲ್ಲ, ಹಾಗಾಗಿ ಸೀಟು ಮೇಡಂ ಅವರಿಗೇ ಕೊಡ್ಬೇಕಾಗುತ್ತೆ. ಮೇಡಂ, ನಿಮ್ಮ ಹೆಸರು ಹೇಳಿ, ಬೋರ್ಡಿಗೆ ಬರೆಸ್ಬೇಕು.”

“ದೇವಮ್ಮಣ್ಣಿ,” ಎಂದರು ದೇವಮ್ಮಣ್ಣಿ. ಬೀದಿ ಮತ್ತೆ ಚಪ್ಪಾಳೆ ಹೊಡೆಯಿತು.

ಆರು ಗಂಟೆಗೆ ಜನ ಕರಗಿದ ಮೇಲೆ ಸಿದ್ದಮಲ್ಲಪ್ಪನವರು ಕೋಣೆಗೆ ಹೋದರು. ದೇವಮ್ಮಣ್ಣಿ ಹತ್ತು ದಿನಕ್ಕೆ ಬೇಕಾದ ಸೀರೆಗಳನ್ನು ಮಡಿಸಿ ಬ್ಯಾಗಿಗೆ ಇಡುತ್ತಿದ್ದರು. ಅಕ್ಕಿ ಎಲ್ಲಿದೆ, ಬೇಳೆ ಎಲ್ಲಿದೆ ಎಂದು ಹೇಳಿ ಮುಗಿಸಿದರು. ಗಂಡನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿತೋ ಏನೋ, ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

“ರೀ, ಕೋಪ ಮಾಡ್ಕೋಬೇಡಿ. ಒಂದೇ ಒಂದು ಮಾತು ನಿಜ ಹೇಳಿ. ಚಿಪ್ಪು ಮನೆಗೆ ತಂದ್ರಿ, ಸರಿ. ಅದರೊಳಗೆ ಇದ್ದಿದ್ದು ಎಲ್ಲಿಗೆ ಹೋಯ್ತು?”