ಡ್ರಮ್ಮಿಗೆ ಜ್ವರ ನೋಡುತ್ತಿದ್ದ ಮಾವ

ನೀರಿನ ಡ್ರಮ್ಮಿಗೆ ಥರ್ಮಾಮೀಟರ್ ಇಟ್ಟು ಜ್ವರ ನೋಡುವ ಗೃಹಸ್ಥರು ಮುಂಬಯಿಯ ಇಡೀ ಪರೇಲಿನಲ್ಲಿ ಒಬ್ಬರೇ ಇದ್ದರು. ನನ್ನ ದುರದೃಷ್ಟ, ನಾನು ಅವರ ಚಾಳಿನ ಒಂದೇ ಕೋಣೆಯ ಖೋಲಿಯಲ್ಲೇ ಇದ್ದೆ. ಅವರು ನನ್ನ ಸೋದರಮಾವ!

ಎಪ್ಪತ್ತರ ದಶಕದ ಮಾತು. ಮಾವ ವಡಾಲದಲ್ಲಿ ಏಳುತ್ತಿದ್ದ ಬಿಲ್ಡಿಂಗೊಂದರ ಸೂಪರ್‌ವೈಸರ್. ಸ್ಲ್ಯಾಬಿಗೆ ಹಾಕಿದ ಕಾಂಕ್ರೀಟಿನಿಂದಲೇ ಇಟ್ಟಿಗೆಯಂಥ ಕೆಲವು ಚೌಕ ಕ್ಯೂಬು ಮಾಡಿ, ನೀರಿನಲ್ಲಿಟ್ಟು, ಆಮೇಲೆ ಒಡೆದು ಬಲ ನೋಡುತ್ತಿದ್ದರು. ಕ್ಯೂಬು ಪಾಸಾದರೆ ಸ್ಲ್ಯಾಬಿಗೆ ಆಸರೆ ಕೊಟ್ಟ ಮರದ ಕಂಬಗಳನ್ನು ತೆಗೆಯಬಹುದು. ಆದರೆ ಸೈಟಿನ ತೊಟ್ಟಿ ಡಾಂಬರು ಕಾಯಿಸುವ ಒಲೆಯ ಪಕ್ಕದಲ್ಲಿತ್ತು. ಬೆಚ್ಚಗಿನ ನೀರಿನಲ್ಲಿ ಕ್ಯೂಬುಗಳು ಬೇಗ ಗಟ್ಟಿಯಾಗಿ ಪಾಸಾದವು. ಕಾಂಟ್ರಾಕ್ಟರನಿಗೆ ಖುಷಿ, ಮಾವನಿಗೆ ಅನುಮಾನ. ಒದ್ದೆ ಗೋಣಿ ಹೊದ್ದು ತಣ್ಣಗೆ ಮಲಗಿರುವ ಸ್ಲ್ಯಾಬು ಅಷ್ಟು ಬೇಗ ಗಟ್ಟಿಯಾದೀತೇ? ತೊಟ್ಟಿಗೆ ಹಾಕದೆ ಉಳಿದಿದ್ದ ಕ್ಯೂಬುಗಳನ್ನು ಹೊತ್ತು ತಂದು ನಮ್ಮ ಡ್ರಮ್ಮಿಗೆ ಇಳಿಸಿಬಿಟ್ಟರು!

ಅತ್ತೆ ತಂಬಿಗೆ ಅದ್ದಿದರೆ ಠಣ್!

“ಮಂದಿ ಡ್ರಮ್ಮಿನ್ಯಾಗ ನೀರಿರ್ತಾವ. ನಮ್ಮದ್ರಾಗ ಕಲ್ಲು!”

“ಕಲ್ಲಲ್ಲ, ಇನ್ನಾ ಎಳೀವು ಅದಾವ. ಆ ಸ್ಟೋವ್ ಅತ್ತಾಗ ಸರಸ, ಝಳ ಬಡೀತೈತಿ.”

“ನನಗ ಬಡದ್ರ ನಡೀತೈತೇನು?”

ಬಿಸಿಲೇರಿ ಥರ್ಮಾಮೀಟರಿನ ಪಾದರಸವೂ ಏರಿದಾಗ ಮಾವ ಮೀನು ಮಾರುವವಳಿಂದ ಮಂಜುಗಡ್ಡೆ ಬೇಡಿ ತಂದು ಡ್ರಮ್ಮಿಗೆ ಹಾಕಿದರು. ಸ್ಲ್ಯಾಬಿನಷ್ಟೇ ತಣ್ಣಗಿರಬೇಕಲ್ಲ! ನಮ್ಮದು ಶುದ್ಧ ಶಾಕಾಹಾರಿ ಮನೆ. ಸ್ನಾನ ಮಾಡಿ ಬಂದವರೆಲ್ಲ ಬಾಂಗಡೆ ಮೀನಿನಂತೆ ನಾರಿದೆವು.

ಅತ್ತ ಕಾಂಟ್ರಾಕ್ಟರನಿಗೆ ಅವಸರ. “ಅರೇ ಸಾಹೇಬ್ರ, ಟೆಸ್ಟ್ ಪಾಸ್ ಆಗೇತಲ್ಲ, ಕಂಬ ತೆಗಸ್ರಿ. ಇಲ್ಲಾಂದ್ರ ನಿಮ್ಮನ್ನ ತೆಗಸ್ತೀನಿ!”

ಮಾವ ಕಂಬಗಳತ್ತ ಕೈ ತೋರಿದರು. ಕೂಲಿ ಹೆಂಗಸರು ಅವುಗಳಿಗೆ ಸೀರೆಯ ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸಿದ್ದರು. “ಮೊದಲ ನನ್ನ ತೆಗಸ್ರಿ. ಆಮ್ಯಾಲೆ ಕಂಬ.”

ಕೊನೆಗೆ ಡ್ರಮ್ಮಿನ ಕ್ಯೂಬುಗಳೂ ಪಾಸಾದವು. ಕಂಬ ತೆಗೆಯುವ ದಿನ ಮಾವ ಕೂಸುಗಳನ್ನೂ ತಾಯಂದಿರನ್ನೂ ದೂರ ಕಳಿಸಿದರು. ತಾವು ಮಾತ್ರ ಸ್ಲ್ಯಾಬಿನ ಕೆಳಗೆ, ನಟ್ಟನಡುವೆ, ಖಾಲಿ ಚೀಲ ಹಾಸಿ ಕೂತರು. “ಹೂಂ, ಬಡೀರಿ.”

ಊಟದ ಡಬ್ಬಿ ತಂದಿದ್ದ ಅತ್ತೆ ಹೊರಗೆ ನನ್ನ ಪಕ್ಕದಲ್ಲೇ ನಿಂತಿದ್ದರು. ಮೊದಲ ಕಂಬಕ್ಕೆ ಸುತ್ತಿಗೆ ಬಿತ್ತು. ತಿರುಗಿ ನೋಡಿದರೆ ಅತ್ತೆ ಅಲ್ಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದಿದ್ದರು.

“ಏ, ಹೊರಗ ಹೋಗ!” ಮಾವ ಹೌಹಾರಿದರು.

ಅತ್ತೆ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿದರು. “ಸುಮ್ನ ಉಣ್ರಿ. ಆರಿ ಹೋಗ್ತೈತಿ.”

ಕೊನೆಯ ಕಂಬ ಬೀಳುವವರೆಗೂ ಮಾವ ಒಮ್ಮೆಯೂ ತಲೆಯೆತ್ತಿ ಸ್ಲ್ಯಾಬು ನೋಡಲಿಲ್ಲ. ಎಡಗೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡೇ ಉಂಡರು.